ಅತ್ತೆ ಕಂಡ ಹಳದಿ ಉರಿ

೧೪-೧೨-೨೦೦೬, ಗುರುವಾರ

ಬೆಳಿಗ್ಗೆ ಕರೆಂಟಿರಲಿಲ್ಲ. ತಲೆಗೆ ಸೀಗೆಪುಡಿ ಹಚ್ಚಿಕೊಂಡು ನಿಂತಿದ್ದಾಗ ಅತ್ತೆ ಹಿತ್ತಲಿನಿಂದಲೇ ಗ್ಯಾಸ್ ಗೀಸರಿನ ಸಿಲಿಂಡರ್ ಬಂದ್ ಮಾಡಿಬಿಟ್ಟರು. ತಣ್ಣೀರಲ್ಲಿ ತೊಳೆದುಕೊಂಡು ಬಂದು ರೇಗಿದೆ.

“ನೀಲಿ ಇರ್ಬೇಕಾದ ಉರಿ ಕಿಟಕಿ ಗಾಜಲ್ಲಿ ಹಳದಿಯಾಗಿ ಕಾಣ್ತು ಕಣೇ. ಒಳಗೇ ಇದ್ದಿದ್ರೆ ಉಸಿರು ಕಟ್ಟೋದು” ಎಂದರು.

ರಿಪೇರಿಯ ಈರೇಶ ವರ್ಷಕ್ಕೊಂದು ಸರ್ವಿಸ್ ಸಾಕು ಎಂದಿದ್ದ; ಆಗಿರುವುದು ಎಂಟೇ ತಿಂಗಳು. ಆದರೂ ಕರೆಸಿದೆ. ಬಿಚ್ಚಿದರೆ ಬರ್ನರ್ ತುಂಬಾ ಮಸಿ. ಅವನ ಮುಖ ಸಪ್ಪಗಾಯಿತು.

“ಹೆಂಗ್ ಗೊತ್ತಾಯ್ತು ಅಜ್ಜೀ?”

“ನಲವತ್ತು ವರ್ಷ ಹಂಡೆ ಒಲೆಗೆ ತೆಂಗಿನ ಮಟ್ಟೆ ಇಕ್ಕಿದೀನಿ ಕಣಪ್ಪ. ಉರಿ ಬಣ್ಣ ಗೊತ್ತಾಗಲ್ವಾ?”

ಇನ್ನು ಆರು ತಿಂಗಳಿಗೊಮ್ಮೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ನಡುವೆ ಅತ್ತೆ ಬೇಡ ಎಂದರೆ ಹಚ್ಚುವುದಿಲ್ಲ.

ಒಲೆಯ ಹೊಗೆಗೆ ಆ ಕಣ್ಣು ಮಂಜಾಗಿದೆ ಎಂದುಕೊಂಡಿದ್ದವಳು ನಾನು. ರೇಗಿದ್ದು ತಪ್ಪಾಯಿತು ಅತ್ತೆ ಎಂದು ನಾಳೆಯಾದರೂ ಬಾಯಿಬಿಟ್ಟು ಹೇಳಬೇಕು.