ಬೀಗತಿ ಹಾಡಿನ ಕ್ಯಾಸೆಟ್ಟು

ಆದೋನಿ
ತಾ. 27-6-1988

ಚಿಪ್ಪಗಿರಿಯಲ್ಲಿ ಬಾಳುವೆ ಮಾಡುತ್ತಿರುವ ನನ್ನ ಮಗಳ ಮಗಳು ಪಂಪಮ್ಮನಿಗೆ, ನಿನ್ನ ಅಜ್ಜಿ ಗುರುಶಾಂತಮ್ಮ ತಲೆ ಸವರಿ ಬರೆಯುವುದು.

ಕ್ಷೇಮ ಕೇಳುವುದನ್ನು ಬಿಟ್ಟಿದ್ದೇನೆ. ನಿನ್ನ ಕಾಗದ ಓದಿದ ಮೇಲೂ ಕೇಳಿದರೆ ಅದು ಬರೀ ಶಾಸ್ತ್ರ.

ನಿಮ್ಮತ್ತೆ ಗಾದಿಲಿಂಗಮ್ಮ ದಿನಾ ಗಂಗಾಳದ ಮುಂದೆ ನಿನ್ನನ್ನು ಕೂಡಿಸುತ್ತಾಳೆಂದೂ, ನಿನ್ನ ಮದುವೆಯಲ್ಲಿ ನಾನು ಅವಳ ಮೇಲೆ ಹಾಡಿದ ಹಾಡನ್ನು ನಿನ್ನ ಬಾಯಿಂದ ಪೂರ್ತಿ ಹಾಡಿಸಿ ಆಮೇಲೆ ರೊಟ್ಟಿ ಹಾಕುತ್ತಾಳೆಂದೂ ಬರೆದಿದ್ದೀ. ಒಂದು ನುಡಿ ತಪ್ಪಿದರೆ ಮತ್ತೆ ಮೊದಲಿನಿಂದ. ನಿನ್ನ ಗಂಡ ಉರುಕುಂದಪ್ಪ ಎದುರಿಗೇ ಕೂತು, ಬಗ್ಗಿಸಿದ ತಲೆ ಎತ್ತದೆ ಉಣ್ಣುತ್ತಾನಂತೆ. ನಾನು ಬಂದು ಹತ್ತು ಮಂದಿಯ ಮುಂದೆ ತಪ್ಪಾಯಿತು ಅನ್ನಬೇಕು, ಆ ಕ್ಯಾಸೆಟ್ಟು ನಿಲ್ಲಿಸಬೇಕು, ಇಲ್ಲದಿದ್ದರೆ ಆ ಮನೆಯಲ್ಲಿ ನೀನು ಉಳಿಯುವುದಿಲ್ಲ. ಇಷ್ಟೇ ತಾನೆ?

ನನ್ನ ತಪ್ಪೇನು, ಪಂಪಿ? ಬೀಗರ ಹಾಡಿನಲ್ಲಿ ಬೀಗತಿಯನ್ನು ಬೈಯದೆ ಇನ್ನೇನು ಪೂಜೆ ಮಾಡುತ್ತಾರೆಯೇ? ಗಾದಿಲಿಂಗಮ್ಮ ಹೋಳಿಗೆ ಕದ್ದು ಸೆರಗಿನಲ್ಲಿ ಕಟ್ಟಿಕೊಂಡಳು, ತುಪ್ಪ ಸೋರಿತು, ಇರುವೆಯ ಸಾಲು ಅವಳ ಬೆನ್ನು ಹತ್ತಿ ಚಿಪ್ಪಗಿರಿತನಕ ಹೋಯಿತು ಅಂತ ಹಾಡಿದೆ. ಅವಳೂ ನಕ್ಕಳು. ಅವರ ಕಡೆಯ ಹೆಂಗಸೊಬ್ಬಳು ಎದ್ದು, ಈ ಮುದುಕಿ ಬೈದು ಬೈದೇ ಗಂಡನನ್ನು ಮಣ್ಣಿಗೆ ಕಳಿಸಿದಳು ಅಂತ ಹಾಡಿದಳು. ನಾನೂ ನಕ್ಕೆ. ಸಂಜೆಗೆ ನಾನೂ ಗಾದಿಲಿಂಗಮ್ಮನೂ ಒಂದೇ ತಟ್ಟೆಯ ಎಲೆ ಅಡಿಕೆ ಹಾಕಿಕೊಂಡೆವು. ನಲವತ್ತು ವರ್ಷ ಹೀಗೇ ಹಾಡಿದ್ದೇನೆ. ಚಪ್ಪರ ಬಿಚ್ಚುವ ಹೊತ್ತಿಗೆ ಹಾಡೂ ಹೋಗುತ್ತಿತ್ತು, ಬೈಗುಳವೂ ಹೋಗುತ್ತಿತ್ತು.

ಮೈಕ್ ಸೆಟ್ಟಿನ ಆಂಜನೇಯ ಅವತ್ತು ಟೇಪ್ ರೆಕಾರ್ಡರ್ ಹಚ್ಚಿದ್ದು ನನಗೆ ಗೊತ್ತಿರಲಿಲ್ಲ. ನನ್ನ ಹಾಡು ಮುಗಿಯುವುದಕ್ಕೂ ಅವನ ಕ್ಯಾಸೆಟ್ಟು ತುಂಬುವುದಕ್ಕೂ ಸರಿಯಾಯಿತು. ಅವರ ಕಡೆಯ ಉತ್ತರ ಅದರಲ್ಲಿಲ್ಲ. ಅದನ್ನು ಬಳ್ಳಾರಿಗೆ ಒಯ್ದು, ಕೀಬೋರ್ಡ್ ಅನ್ನುವ ಕರೆಂಟಿನ ಹಲಗೆಯಿಂದ ಕೊಳಲು, ಡೋಲು, ಚಪ್ಪಾಳೆ ಎಲ್ಲ ಸೇರಿಸಿಕೊಂಡು ಬಂದ. ಅಲ್ಲಿ ಒಬ್ಬನೇ ಮನುಷ್ಯ ಬೆರಳಾಡಿಸಿ ಇಡೀ ಬಾಜಾಬಜಂತ್ರಿಯವರನ್ನು ಕೆಲಸವಿಲ್ಲದೆ ಮನೆಯಲ್ಲಿ ಕೂಡಿಸಿದ. ಈಗ ಆಸ್ಪರಿಯ ಹೋಟೆಲಿನಲ್ಲೂ ಗಾದಿಲಿಂಗಮ್ಮನ ಹೋಳಿಗೆ, ಕಂಡವರ ಮದುವೆಯಲ್ಲೂ ಗಾದಿಲಿಂಗಮ್ಮನ ಹೋಳಿಗೆ. ಅವಳು ಬಸ್ಸು ಹತ್ತಿದರೆ ಹೆಂಗಸರು ಸೆರಗು ನೋಡಿ ನಗುತ್ತಾರಂತೆ. ನಗಲಿ.

ನಾನು ಅದನ್ನು ಮೊದಲು ಕೇಳಿದ್ದು ಇಲ್ಲಿ, ಹತ್ತಿ ಮಾರುಕಟ್ಟೆಯ ಹತ್ತಿರ. ನಡುಬೀದಿಯಲ್ಲಿ ನಿಂತುಬಿಟ್ಟೆ. ನನ್ನ ದನಿ ನನಗೇ ಹೊರಗಿನಿಂದ ಕೇಳಿದ್ದು ಅದೇ ಮೊದಲು. ಎಂಥ ದನಿ, ಪಂಪಿ.

ನಿನ್ನ ಕಾಗದ ಬಂದ ದಿನವೇ ಆಂಜನೇಯನ ಅಂಗಡಿಗೆ ಹೋದೆ. ಹೋಗಲಿಲ್ಲ ಅನ್ನಬೇಡ. ನಿಲ್ಲಿಸು ಅಂದೆ. ಅವನು ಎರಡು ಬಾಯಿಯ ಯಂತ್ರವೊಂದನ್ನು ತೋರಿಸಿದ. ಒಂದು ಬಾಯಿಗೆ ಹಾಡಿದ್ದು ಹಾಕಿದರೆ ಇನ್ನೊಂದು ಬಾಯಿಯಲ್ಲಿ ಅಂಥದೇ ಮತ್ತೊಂದು ತಯಾರು.

“ಇಂಥಾ ಮಿಷನ್ ಗುಂತಕಲ್ಲಾಗೂ ಐತಿ, ಬಳ್ಳಾರ್‍ಯಾಗೂ ಐತಿ. ಯಾರ್‍ನ ನಿಲ್ಲಸಲಿ, ಅಜ್ಜಿ? ಹಳೇದು ಎಲ್ಲಾರ ಕೈಯಾಗ ಹೋತು. ಹೊಸಾದು ಇದ್ರ ಕೊಡ್ರಿ” ಅಂದ.

ಹೊಸದು ಎಲ್ಲಿಂದ ತರಲಿ? ಈ ವೈಶಾಖದಲ್ಲಿ ಹಾಡುವುದಕ್ಕೆ ನನ್ನನ್ನು ಒಬ್ಬರೂ ಕರೆಯಲಿಲ್ಲ. ನಮ್ಮ ಓಣಿಯ ಪಂಚಾಕ್ಷರಯ್ಯನ ಮಗಳ ಮದುವೆಗೆ ನಾನಾಗಿಯೇ ಹೋದರೆ, ನಿನಗ್ಯಾಕ ತ್ರಾಸು, ನಿನ್ನ ಕ್ಯಾಸೆಟ್ಟು ತಂದೀವಿ ಅಂದರು. ಚಪ್ಪರದ ಮೂಲೆಯಲ್ಲಿ ಕೂತು ನನ್ನ ಹಾಡು ನಾನೇ ಕೇಳಿ, ಉಂಡು ಬಂದೆ.

ನಾನು ಚಿಪ್ಪಗಿರಿಗೆ ಬರುವುದಿಲ್ಲ. ಗಾದಿಲಿಂಗಮ್ಮನ ಹೊಸ್ತಿಲಲ್ಲಿ ತಲೆ ಬಗ್ಗಿಸಿದರೆ ನಾಳೆ ಈ ಬಾಯಿಗೆ ಯಾರು ಹೆದರುತ್ತಾರೆ? ನೀನೂ ಇಲ್ಲಿಗೆ ಬರಬೇಡ. ಗಂಡನ ಮನೆ ಬಿಟ್ಟು ಬಂದ ಹುಡುಗಿಯನ್ನು ನಿಮ್ಮವ್ವ ಇದ್ದಿದ್ದರೆ ಇಟ್ಟುಕೊಳ್ಳುತ್ತಿದ್ದಳೇನೋ, ನಾನು ಅಷ್ಟು ಮೆತ್ತಗಿನವಳಲ್ಲ. ಹಾಡು ಅಂದರೆ ಹಾಡಿಬಿಡು. ಅಳುತ್ತ ಮಾತ್ರ ಹಾಡಬೇಡ, ರಾಗ ಕೆಡುತ್ತದೆ. ನಿನಗೆ ಮೊದಲಿನಿಂದಲೂ ಮೇಲಿನ ದನಿ ಹಿಡಿಯುವುದಕ್ಕೆ ಬರುವುದಿಲ್ಲ.

ಹೊಟ್ಟೆ ತುಂಬ ಉಣ್ಣು.

ನಿನ್ನನ್ನು ಎತ್ತಿ ಆಡಿಸಿದ ಅಜ್ಜಿ,
ಗುರುಶಾಂತಮ್ಮ

ತಾ.ಕ.: ಆಂಜನೇಯನಿಗೆ ಹೊಸ ಹಾಡು ಕೊಟ್ಟೆ. ಹೋದ ವಾರ ಬಳ್ಳಾರಿಗೆ ಕರೆದೊಯ್ದು ಹಾಡಿಸಿದ. ಸೊಸೆಯಿಂದ ಹಾಡಿಸಿ ರೊಟ್ಟಿ ಹಾಕುವ ಅತ್ತೆ, ತಲೆ ಎತ್ತದೆ ಉಣ್ಣುವ ಗಂಡ, ನುಡಿ ತಪ್ಪಿದರೆ ಮೊದಲಿನಿಂದ, ನೀನು ಬರೆದದ್ದು ಒಂದನ್ನೂ ಬಿಟ್ಟಿಲ್ಲ. ಕ್ಯಾಸೆಟ್ಟಿನ ರಟ್ಟಿನ ಮೇಲೆ ನನ್ನ ಫೋಟೋ ಹಾಕಿದ್ದಾರೆ. ಈ ಕಾಗದ ಮುಟ್ಟುವ ಮೊದಲೇ ಅದು ನಿಮ್ಮೂರು ಮುಟ್ಟಿರುತ್ತದೆ. ನಿನ್ನ ಹೆಸರು ಎಲ್ಲೂ ಎತ್ತಿಲ್ಲ, ಅವಳದಷ್ಟೇ. ಕೇಳಿದ ಮೇಲೆ ನಿನಗೆ ಏನು ಮಾಡಿದಳು, ತಪ್ಪದೆ ಬರೆ. ಆಂಜನೇಯನಿಗೆ ಇನ್ನೊಂದು ಹಾಡು ಬೇಕಂತೆ.