ಅಳದವರಿಗೆ ಚಪ್ಪಾಳೆ

ಜುಲೈ ೮, ಸೋಮವಾರ
ಕುಲಗೋಡದ ಬಸ್ಸು ಇವತ್ತೂ ಲೇಟ್. ಓಡಿ ಓಡಿ ಶಾಲೆ ಮುಟ್ಟಿದೆ. ನನ್ನ ಐದನೇ ತರಗತಿಗೆ ಚುಚ್ಚುಮದ್ದು. ನರ್ಸ್ ಸೂಜಿ ತೆಗೆದಿದ್ದೇ ತಡ, ಹೋ ಅಂತ ಅಳು. ದ್ರಾಕ್ಷಾಯಿಣಿ ಮಾತ್ರ — ಕುರಿ ಕಾಯುವ ಭೀಮಶಿಯ ಮಗಳು, ಎಂದೂ ಬಾಯಿ ಬಿಡದವಳು — ಪಿಟಕ್ಕೆನ್ನಲಿಲ್ಲ. ಟ್ರೇನಿಂಗಿನಲ್ಲಿ ಹೇಳಿದ್ದರಲ್ಲ, ಬೈಯಬೇಡಿ, ಹೊಗಳಿ ಅಂತ. ಮುಂದೆ ನಿಲ್ಲಿಸಿದೆ. "ನಮ್ಮ ಕ್ಲಾಸಿನ ಹುಲಿ! ಒಂದ ಹನಿ ಕಣ್ಣೀರ ಹಾಕಲಿಲ್ಲ ನೋಡ್ರಿ!" ಕೆನ್ನೆಗೆ ಸ್ಟಾರ್ ಅಂಟಿಸಿದೆ. ಎಲ್ಲರಿಂದ ಚಪ್ಪಾಳೆ. ಆ ಹುಡುಗಿ ನಕ್ಕಿದ್ದನ್ನು ನಾನು ನೋಡಿದ್ದೇ ಇವತ್ತು.

ಜುಲೈ ೧೧
ಈಗ ಕ್ಲಾಸಿನಲ್ಲಿ ಅಳುವವರೇ ಇಲ್ಲ! ಖೊಖೊದಲ್ಲಿ ಸಾನಿಯಾ ಬಿದ್ದು ಮೊಣಕಾಲು ತರಚಿಕೊಂಡಳು. ಎದ್ದವಳೇ "ನಾ ಅತ್ತಿಲ್ರಿ ಟೀಚರ್" ಅಂತ ಕೆನ್ನೆ ಒಡ್ಡಿದಳು. ಕೊಟ್ಟೆ. ಸ್ಟಾರ್ ಶೀಟ್ ಇನ್ನೊಂದು ತರಬೇಕು. ನನ್ನ ಮೇಲೆ ನನಗೇ ಸ್ವಲ್ಪ ಜಂಬ… ಇರಲಿ.

ಜುಲೈ ೨೨, ಸೋಮವಾರ. ಘಟಪ್ರಭಾ, ದವಾಖಾನೆ
ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.
ಬೆಳಿಗ್ಗೆ ದ್ರಾಕ್ಷಾಯಿಣಿ ಕುಂಟುತ್ತಿದ್ದಳು. "ಏನಾತವಾ?" "ಏನಿಲ್ರಿ." ಸಾಕ್ಸ್ ಜಾರಿಸಿ ನೋಡಿದೆ. ಹಲ್ಲಿನ ಗುರುತು, ಮೇಲೆ ಅರಿಶಿನ. ಹೋದ ವಾರ ಊರವರು ಹೊಡೆದು ಹಾಕಿದರಲ್ಲ, ಆ ಹುಚ್ಚುನಾಯಿ — ಅದೇ ಕಚ್ಚಿದೆ.
"ಮನ್ಯಾಗ ಯಾಕ ಹೇಳಲಿಲ್ಲ?"
"ಹೇಳಿದ್ರ ಅಳು ಬರ್ತಿತ್ರಿ. ಹುಲಿ ಅಳೂದಿಲ್ಲಲ್ರಿ ಟೀಚರ್."
ಟಂಟಂ ಆಟೋ ಹಿಡಿದು ಬಂದೆ. ಅವಳ ಅಜ್ಜಿ ದುಂಡವ್ವನೂ ಜೊತೆಗೆ. ಡಾಕ್ಟರ್ ಗಾಯದ ಒಳಗೇ ಚುಚ್ಚಿದರು. "ಭಾಳ ತಡಾ ಮಾಡೀರಿ. ರೋಗ ಏರಿದ ಮ್ಯಾಲ ಔಷಧ ಇಲ್ರಿ. ಇನ್ನೂ ಏರಿದಂಗ ಕಾಣೂದಿಲ್ಲ… ಒಂದೂ ಇಂಜೆಕ್ಷನ್ ತಪ್ಪಿಸಬ್ಯಾಡ್ರಿ."
ಹುಡುಗಿ ತುಟಿ ಕಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಳವಾ, ನನ್ನವ್ವಾ, ಅಳು" ಅಂದೆ. ಅಳಲಿಲ್ಲ. ನಾನೇ ಅತ್ತೆ. ದುಂಡವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ನೀವು ಬಡದಿದ್ರರ ಅಳ್ತಿತ್ತಲ್ರಿ ಟೀಚರ, ನಮ್ಮ ಕೂಸು."
ಮುಂದಿನ ಇಂಜೆಕ್ಷನ್ ಗುರುವಾರ; ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡೆ.

ಜುಲೈ ೨೩
ಅವಳು ನೀರು ಕುಡಿಯುವುದನ್ನೇ ಕಾಯುತ್ತೇನೆ. ಆ ರೋಗ ಬಂದರೆ ಗಂಟಲಲ್ಲಿ ನೀರು ಇಳಿಯುವುದಿಲ್ಲ ಅಂತಾರೆ. ಊಟದ ಹೊತ್ತಿಗೆ ಗ್ಲಾಸ್ ಎತ್ತಿ ಕೆಮ್ಮಿದಳು. ಎದ್ದು ಓಡಿದೆ. ಅನ್ನ ನೆತ್ತಿಗೇರಿತ್ತು, ಅಷ್ಟೇ. ಕುಡಿದಳು. ಇವತ್ತು ಕುಡಿದಳು.

ಜುಲೈ ೨೫, ಗುರುವಾರ. ಟಂಟಂನಲ್ಲಿ
ದ್ರಾಕ್ಷಾಯಿಣಿಗೆ ಎರಡನೇ ಇಂಜೆಕ್ಷನ್. ಹೊರಡುವ ಮೊದಲು ಕ್ಲಾಸಿಗೆ ಕೇಳಿದೆ: "ಯಾರಿಗೆ ಎಲ್ಲಿ ನೋವೈತಿ? ಹೇಳಿದವರಿಗೆ ಚಪ್ಪಾಳೆ." ಯಾರೂ ತುಟಿ ಬಿಚ್ಚಲಿಲ್ಲ. ಹುಲಿಗಳು! ಕಡೆಗೆ ದ್ರಾಕ್ಷಾಯಿಣಿ ಎದ್ದಳು. "ನಂಗ ಭಾಳ ನೋಯಾಕತ್ತೈತ್ರಿ" ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಕೈ ಉರಿಯುವವರೆಗೆ ಚಪ್ಪಾಳೆ ತಟ್ಟಿದೆ.
ಆಗ ಸಾನಿಯಾ ಎದ್ದು ತೋಳು ಮೇಲೆ ಸರಿಸಿದಳು. ಅಲ್ಲೂ ಹಲ್ಲಿನ ಗುರುತು. ಅದೇ ನಾಯಿ.
ಅಯ್ಯೋ ದೇವರೇ. ಈಗ ಇಬ್ಬರೂ ನನ್ನ ಪಕ್ಕದಲ್ಲಿ. ಅಕ್ಷರ ಕುಣಿಯುತ್ತಿವೆ. ಘಟಪ್ರಭಾ ಇನ್ನೂ ದೂರ. ಸಾನಿಯಾ ನನ್ನ ಸೆರಗು ಜಗ್ಗುತ್ತಿದ್ದಾಳೆ…
"ಟೀಚರ್, ನಮ್ಮ ಫರ್ಹಾನಗೂ ಕಡದೈತ್ರಿ. ಅಂಗನವಾಡಿಗಿ ಹೋಗ್ತಾನಲ್ರಿ, ನಮ್ಮ ತಮ್ಮ. ಭಾಳ ಅಳಾಕತ್ತಿದ್ದ. ನಾನ ನನ್ನ ಸ್ಟಾರ್ ಹಚ್ಚಿ, ಚಪ್ಪಾಳಿ ಬಡದು ಸುಮ್ಮನ ಮಾಡೇನ್ರಿ. ನಿನ್ನಿಯಿಂದ ಜ್ವರಾ ಬಂದು ಮಲಗ್ಯಾನ, ಆದ್ರೂ ಅತ್ತಿಲ್ರಿ."
ಡ್ರೈವರಿಗೆ ಗಾಡಿ ತಿರುಗಿಸು ಅಂತ ಕೂಗಿದೆ. ಸಾನಿಯಾಳ ಮನೆ ಕಾಣುತ್ತಿದೆ. ಮೊದಲು ಫರ್ಹಾನನಿಗೆ ನೀರು ಕುಡಿಸಿ ನೋಡಬೇಕು.