ನಿದ್ದೆಗಣ್ಣಿನ ಮುಳ್ಳು

ಬೊಬ್ರುವಾಡ, ಅಂಕೋಲಾ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ವಿಕಾಸಣ್ಣಾ,

ಹೇಗಿದ್ದೀಯ? ಹಲ್ಲುನೋವು ಕಡಿಮೆಯಾಯಿತೇ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಹಡಗಿನ ಇಂಜಿನ್ ರೂಮಿಗೆ ಇಳಿಯುತ್ತಿದ್ದೀಯಾ? ಆಯಿ ದಿನಾ ಕೇಳುತ್ತಾಳೆ. ನಾವೆಲ್ಲ ಆರಾಮ. ಮಳೆಗಾಲದಲ್ಲಿ ಅಪ್ಪನ ಮೊಣಕಾಲು ಸ್ವಲ್ಪ ಕಿರಿಕಿರಿ ಮಾಡಿತು, ಈಗ ಮತ್ತೆ ಗದ್ದೆ, ದೋಣಿ, ಪೇಟೆ ಅಂತ ಓಡಾಟ ಶುರುವಾಗಿದೆ. ಚೌತಿ ಚೆನ್ನಾಗಿ ಆಯಿತು. ನಿನ್ನ ಪಾಲಿನ ಚಕ್ಕುಲಿಯನ್ನೂ ನಾನೇ ಮುಗಿಸಿದೆ, ಪಾಪ ಅನ್ನಿಸಲೂ ಇಲ್ಲ.

ಫೋನಿರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಆಶಿಷನ ಹೆಸರೆತ್ತಿದ ಕೂಡಲೇ ನಿನ್ನ ಹಡಗಿನಲ್ಲಿ ಸಿಗ್ನಲ್ ಕಡಿದುಹೋಗುತ್ತದೆ, ಏನು ಮಾಯೆಯೋ! ಕಾಗದಕ್ಕೆ ಆ ರೋಗವಿಲ್ಲ. ಚಿಕ್ಕಪ್ಪನ ಮಗ ರಾಮನಾಥ ನಿಮ್ಮದೇ ಹಡಗಿಗೆ ಬರುತ್ತಿದ್ದಾನಲ್ಲ, ಅವನ ಕೈಯಲ್ಲೇ ಕೊಟ್ಟಿದ್ದೇನೆ. ನೀನು ಪೂರ್ತಿ ಓದುವ ತನಕ ಎದುರಿನಿಂದ ಅಲುಗಬಾರದು ಅಂತ ಹೇಳಿಯೇ ಕಳಿಸಿದ್ದೇನೆ. ಸಿಗಡಿ ಉಪ್ಪಿನಕಾಯಿಯ ಬಾಟಲಿಯೂ ಅವನ ಹತ್ತಿರ ಇದೆ, ಓದಿ ಮುಗಿಸಿದ ಮೇಲೆ ಕೊಡುತ್ತಾನೆ.

ವಿಷಯ ನಿನ್ನ ಕೆಂಪು ಕಾರಿನದು. ಅಂದರೆ ನನ್ನ ಮದುವೆಯದೂ ಹೌದು, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಹೋದವನು ನೀನೇ. ಆಶಿಷ ಏಪ್ರಿಲ್‌ನಲ್ಲಿ ಅದನ್ನು ಟ್ಯೂನ್ ಮಾಡಿಕೊಟ್ಟಾಗ ನೀನು ಊರೆಲ್ಲ ಸುತ್ತಿಸಿ, ಕಾರವಾರದಲ್ಲಿ ಇಂಥ ಕೈ ಇನ್ನೊಂದಿಲ್ಲ ಅಂತ ಹೊಗಳಿದೆ. ನಮ್ಮಿಬ್ಬರ ಮಾತು ಗೊತ್ತಾದಾಗ ಅವನ ಬೆನ್ನು ತಟ್ಟಿದವನೂ ನೀನೇ. ಜೂನ್‌ನಲ್ಲಿ ಕಾರು ಮುಗ್ಗರಿಸತೊಡಗಿತು, ಕಪ್ಪು ಹೊಗೆ ಕಾರಿತು, ಒಂದೇ ಸಮ ಓಡಿಸಿದರೂ ಅಲೆಯ ಮೇಲಿನ ದೋಣಿಯ ಹಾಗೆ ಏಳುತ್ತಾ ಬೀಳುತ್ತಾ ಹೋಯಿತು. ನೀನು ನೇರ ಅವನ ಗ್ಯಾರೇಜಿಗೆ ಹೋಗಿ, ಗಿರಾಕಿಗಳ ಎದುರೇ "ನನ್ನ ಇಂಜಿನ್ ಹಾಳು ಮಾಡ್ದವಂಗೆ ನನ್ ತಂಗಿ ಕೊಡೂದಿಲ್ಲ" ಅಂದುಬಿಟ್ಟೆ. ಅವನೇನು ಕಡಿಮೆಯೇ? ನೀನು ತಪ್ಪಾಯಿತು ಅನ್ನುವ ತನಕ ಆ ಕಾರಿಗೆ ಕೈ ಹಚ್ಚುವುದಿಲ್ಲ ಅಂದ. ನೀನು ಹಡಗು ಹತ್ತಿದೆ. ಮಳೆಗಾಲವಿಡೀ ಅಳುವ ಸರದಿ ನನ್ನದಾಯಿತು. ಅತ್ತದ್ದು ನಿಜ, ಸುಳ್ಳು ಹೇಳುವುದಿಲ್ಲ.

ಚೌತಿ ಮುಗಿದ ಮೇಲೆ ಅಳು ಸಾಕಾಯಿತು, ಸಿಟ್ಟು ಬಂತು. ನಾನೂ ಕದ್ರಾ ಪವರ್‌ಹೌಸಿನಲ್ಲಿ ಮೀಟರುಗಳ ಜೊತೆಗೇ ಸಂಸಾರ ಮಾಡುವವಳಲ್ಲವೇ? ಅಲ್ಲಿ ನಮಗೆ ಮೊದಲು ಕಲಿಸುವ ಮಾತು, ಯಂತ್ರವನ್ನು ಬೈಯುವ ಮೊದಲು ಮೀಟರನ್ನು ಪರೀಕ್ಷಿಸು ಅಂತ. ನಿನ್ನ ಕಾರಿನಲ್ಲೂ ಹಾಗೇ. ಹೊಗೆ ಹೋಗುವ ಪೈಪಿನಲ್ಲಿ ಆಶಿಷ ಕೂರಿಸಿದ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಅಂತ ಅದು ಹೇಳಿದ ಹಾಗೆ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ಆ ಸೆನ್ಸರೇ ಸುಳ್ಳು ಹೇಳಿದರೆ ಕಂಪ್ಯೂಟರ್ ಏನು ಮಾಡೀತು, ಟ್ಯೂನ್ ಮಾಡಿದವನು ತಾನೇ ಏನು ಮಾಡಿಯಾನು? ಪೈಪು ಎಲ್ಲಾದರೂ ಸೋರುತ್ತಿದೆಯೇ ಅಂತ ಮೊದಲು ಸೋಪಿನ ನೀರು ಹಚ್ಚಿ ನೋಡಿದೆ, ಸೋರುತ್ತಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮಸಿ ಹಿಡಿದು ಕಪ್ಪಾಗಿತ್ತು, ಅಂದರೆ ಪೆಟ್ರೋಲ್ ವಿಪರೀತ. ಆ ಸೆನ್ಸರಿನ ಲೆಕ್ಕ ತೋರಿಸುವ ಗೇಜಿನ ಮುಳ್ಳು ಮಾತ್ರ ಪೆಟ್ರೋಲ್ ಸಾಲದು, ಸಾಲದು ಅಂತ ಬೊಬ್ಬೆ ಹೊಡೆಯುತ್ತಿತ್ತು. ಹೊಟ್ಟೆ ಬಿರಿಯ ಉಂಡವನು ಉಪವಾಸ ಅಂದ ಹಾಗೆ. ಅಲ್ಲಿಗೆ ನನಗೆ ಕಳ್ಳ ಯಾರು ಅಂತ ಅನುಮಾನ ಬಂತು.

ಹೋದ ಭಾನುವಾರ ಕಾರು ತೆಗೆದುಕೊಂಡು ಕಾರವಾರಕ್ಕೆ ಹೊರಟೆ. ಮೀನು ಪೇಟೆಗೆ ಹೋಗುವ ನೆವದಲ್ಲಿ ಆಯಿಯೂ ಹತ್ತಿದಳು. ಒಳ್ಳೆಯದೇ ಆಯಿತು. ನಾನು ರಸ್ತೆ ನೋಡಬೇಕಲ್ಲ, ಮುಳ್ಳು ನೋಡುವ ಕೆಲಸ ಆಯಿಗೆ ಕೊಟ್ಟೆ. ಬಿಣಗಾ ಘಟ್ಟದ ಇಳಿಜಾರಿನಲ್ಲಿ ಗೇರ್‌ನಲ್ಲೇ ಇಟ್ಟು ಎಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಪೆಟ್ರೋಲ್ ನಿಲ್ಲುತ್ತದೆ, ಪೈಪಿನಲ್ಲಿ ಬರೀ ಗಾಳಿ. ಮುಳ್ಳು ಥಟ್ಟನೆ ತುದಿಗೆ ಹಾರಬೇಕು. ನಾನು ಕಾಲು ತೆಗೆದೆ. ಆಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಎದ್ದಿದ್ದೇ ಇಲ್ವೆ... ಹಾಂ, ಈಗ ಎದ್ತು... ಅಯ್ಯ, ಇದ್ಕೆ ಇನ್ನೂ ನಿದ್ದೆಗಣ್ಣೇ ಮಗಾ!" ಅಂದಳು. ನಾನು ನಕ್ಕೂ ನಕ್ಕೂ ಸ್ಟೇರಿಂಗ್ ಗಟ್ಟಿ ಹಿಡಿದೆ. ಮುಳ್ಳು ಏಳುವಷ್ಟರಲ್ಲಿ ಇಳಿಜಾರೇ ಮುಗಿಯುತ್ತಾ ಬಂದಿತ್ತು.

ಆಶಿಷನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಪುಣ್ಯಾತ್ಮ ಹೊರಗೆ ಬಂದ, ಆಯಿಗೆ ನಮಸ್ಕಾರ ಮಾಡಿದ, ಕಾರನ್ನು ಕಂಡದ್ದೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮಾತು ಅಂದರೆ ಮಾತಂತೆ! ತನ್ನ ಕಾರಿನ ಸೆನ್ಸರ್ ಬಿಚ್ಚಿಕೊಟ್ಟ, ಬಿಚ್ಚಲು ಪಾನಾ ಕೊಟ್ಟ, ಹಾಸಿಕೊಳ್ಳಲು ಗೋಣಿ ಕೊಟ್ಟ, ನಿನ್ನ ಕಾರಿಗೆ ಮಾತ್ರ ಬೆರಳು ಸೋಕಿಸಲಿಲ್ಲ. ನಾನು ಅಡಿಗೆ ನುಸುಳಿದೆ. ಅವನು ಮೊಣಕಾಲೂರಿ, ಬೆನ್ನ ಹಿಂದಿನ ಕೈ ಬಿಡದೆ, "ಎಡಕ್ಕೆ, ಅಲ್ಲ ಮಾರಾಯ್ತಿ, ನಿನ್ ಎಡಕ್ಕೆ" ಅನ್ನುತ್ತಿದ್ದ. ಅವನ ಸೆನ್ಸರನ್ನು ಮೊದಲು ಬಯಲ ಗಾಳಿಯಲ್ಲಿ ಹಿಡಿದು, ಇದು ಬರೀ ಗಾಳಿ ಅಂತ ಗೇಜಿಗೆ ಕಲಿಸಿ, ಆಮೇಲೆ ಪೈಪಿಗೆ ಹಾಕಿ ಮತ್ತೆ ಘಟ್ಟಕ್ಕೆ ಹೋದೆವು. ಈ ಸಲ ಕಾಲು ತೆಗೆದದ್ದೇ ತಡ, ಮುಳ್ಳು ಹಾರಿತು, ಆಯಿ ಚಪ್ಪಾಳೆ ತಟ್ಟಿದಳು! ಮುಗ್ಗರಿಕೆ ಇಲ್ಲ, ಅಲೆ ಇಲ್ಲ. ಅಣ್ಣಾ, ಏಪ್ರಿಲ್‌ನ ನಿನ್ನ ಕಾರೇ ತಿರುಗಿ ಬಂತು. ಕಣ್ಣಲ್ಲಿ ನೀರು ಬಂದು ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಾಯಿತು, ಖುಷಿಯ ನೀರು.

ಹಾಗಾದರೆ ಏಪ್ರಿಲ್‌ನಲ್ಲಷ್ಟೇ ಕೂರಿಸಿದ ನಿನ್ನ ಸೆನ್ಸರ್ ಕೆಟ್ಟದ್ದು ಹೇಗೆ? ಬಿಚ್ಚಿದ್ದನ್ನು ಬಿಸಿಲಿಗೆ ಹಿಡಿದರೆ ಹೊರಗಿನ ಮೈಗೆ, ವೈರ್ ಹೊರಡುವ ಬುಡಕ್ಕೆ ಕಂದು ಬಣ್ಣದ ಎಂಥದೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಆಯಿ ಮೂಸಿ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು. ಗೇರೆಣ್ಣೆ! ಮೇ ಕೊನೆಗೆ ಅಪ್ಪ ದೋಣಿಯನ್ನು ಬೋರಲು ಹಾಕಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾನಲ್ಲ ವರ್ಷವೂ? ಈ ವರ್ಷ ಮಿಕ್ಕಿದ್ದನ್ನು ನಿನ್ನ ಕಾರಿನ ಅಡಿಗೂ ಬಳಿದಿದ್ದ, ಮೂಲೆ ಮೂಲೆಗೂ, ಪ್ರೀತಿಯಿಂದ. ಈ ಜಾತಿಯ ಸೆನ್ಸರ್ ಬೆನ್ನಿನಿಂದ ಹೊರಗಿನ ಗಾಳಿ ಎಳೆದುಕೊಂಡು, ಒಳಗಿನ ಹೊಗೆಯನ್ನು ಅದಕ್ಕೆ ಹೋಲಿಸಿ ನೋಡುತ್ತದಂತೆ. ಎಣ್ಣೆ ಅದರ ಉಸಿರು ಕಟ್ಟಿತು, ಅದು ಪೆಟ್ರೋಲ್ ಸಾಲದು ಅಂತ ಸುಳ್ಳು ಹೇಳಿತು, ಕಂಪ್ಯೂಟರ್ ಸುರಿಯಿತು, ಆ ಮಸಿ ಅದರ ಮೂತಿಗೇ ಹಿಡಿದು ಇನ್ನಷ್ಟು ನಿಧಾನವಾಯಿತು.

ಮನೆಗೆ ಬಂದು ಅಪ್ಪನಿಗೆ ತೋರಿಸಿದೆ. "ಉಪ್ಪು ಗಾಳಿ ಕಬ್ಬಿಣ ತಿಂತದಲ್ಲೆ? ದೋಣಿ ಒಂದೇ, ಕಾರು ಒಂದೇ ಅಂದ್ಕಂಡೆ" ಅಂದವನು, ಪೂರ್ತಿ ಕಥೆ ಕೇಳಿ ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕ. ಮರುದಿನ ಬೆಳಿಗ್ಗೆ ಬಂಗಡೆಯ ಚೀಲ ಹಿಡಿದು ಬಸ್ಸು ಹತ್ತಿ ಆಶಿಷನ ಗ್ಯಾರೇಜಿಗೆ ಹೋಗಿ, ತಪ್ಪು ತನ್ನದು ಅಂತ ಎಲ್ಲರ ಎದುರೇ ಹೇಳಿ ಬಂದ. ನಮ್ಮಪ್ಪ ಅಂದರೆ ಅಪ್ಪ. ನೀನು ಅವನನ್ನು ಬೈಯುವ ಹಾಗಿಲ್ಲ, ತುಕ್ಕು ಒಂದು ಚುಕ್ಕೆಯೂ ಹಿಡಿದಿಲ್ಲ, ನಾನೇ ಮಲಗಿ ನೋಡಿದ್ದೇನೆ.

ಕೆಟ್ಟ ಆ ಸೆನ್ಸರನ್ನೂ ರಾಮನಾಥನ ಕೈಯಲ್ಲಿ ಕಳಿಸಿದ್ದೇನೆ. ನೀನೂ ಇಂಜಿನ್ನಿನವನೇ, ಮೂಸಿ ನೋಡು, ನನ್ನ ಮಾತು ನಂಬಬೇಕಾಗಿಲ್ಲ. ಅಪ್ಪ ಆಯಿಯ ಆಶೀರ್ವಾದ. ಹಲ್ಲು ನೋಡಿಕೊ, ಐಸ್ ನೀರು ಕುಡಿಯಬೇಡ, ಸಿಟ್ಟು ಕಡಿಮೆ ಮಾಡು.

ನಿನ್ನ ಜಗಳಗಂಟಿ ತಂಗಿ,
ದೀಕ್ಷಾ

ತಾ.ಕ.: ರಾಮನಾಥ ಅಂಗಳದಲ್ಲಿ ಗಡಿಬಿಡಿ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಆಶಿಷನ ತಾಯಿ ವೈಜಯಂತಿ ಬಾಯಿ ಬಂದು ಡಿಸೆಂಬರ್‌ನಲ್ಲಿ ಮುಹೂರ್ತ ನೋಡಿದ್ದಾರೆ. ಅಪ್ಪ ಹೂಂ ಅಂದಾಗಿದೆ, ಆಯಿಯೂ ಅಂದಾಗಿದೆ. ಬೇಡ ಅಂತ ತಡೆದವಳು ನಾನು. ಹೋಮದ ಮುಂದೆ ನಿಂತಾಗ ನನ್ನ ಬೊಗಸೆಗೆ ಅರಳು ಹಾಕುವವನು ಅಣ್ಣ. ಚಿಕ್ಕಪ್ಪನ ಮಗ ಹಾಕಿದರೂ ನಡೆಯುತ್ತದಂತೆ, ಭಟ್ಟರು ಹೇಳಿದರು. ನನಗೆ ನಡೆಯುವುದಿಲ್ಲ. ಆಶಿಷನಿಗೆ ಫೋನ್ ಮಾಡು, ರಜೆ ಕೇಳು, ಬೈಯುತ್ತಲಾದರೂ ಬಾ. ನೀನು ಬರದೆ ನಾನು ಬೊಗಸೆ ಒಡ್ಡುವುದಿಲ್ಲ.